ಒಂದೂಕಾಲು ಗಂಟೆಯ ಅಂಕಿ

ಕೆಂಪುಕುಂಟೆ, ಚೋರನೂರು ಹೋಬಳಿ
12 ಜೂನ್ 2023

ಕಂಪನ ಅಳತೆ ಕಚೇರಿಯವರಿಗೆ, ಹೊಸಪೇಟೆ

ಸ್ವಾಮಿ,

ನಿಮ್ಮ ಪೆಟ್ಟಿಗೆಯ ಮೇಲೆ ಅಂಟಿಸಿರುವ ಚೀಟಿಯಲ್ಲಿ ದೂರುಗಳನ್ನು ಬರಹದಲ್ಲಿ ಮಾತ್ರ ಕಳಿಸಬೇಕು ಎಂದಿದೆ. ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಹೆಸರು ಮೂಕಪ್ಪ. ಇಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಜವಾನ. ಏಳನೆಯ ತರಗತಿಯವರೆಗೆ ಓದಿದ್ದೇನೆ.

ಗುಡ್ಡದ ಗಣಿಯಲ್ಲಿ ಮದ್ದು ಹಾರಿಸಿದಾಗ ಊರು ಎಷ್ಟು ಅದುರುತ್ತದೆ ಎಂದು ನೋಡಲು ಹೋದ ವರ್ಷ ಆಗಸ್ಟಿನಲ್ಲಿ ನಿಮ್ಮ ಅಂಜಿನೇಯ ಎಂಬುವರು ಬಂದು ನಮ್ಮ ನಡುಮನೆಯಲ್ಲಿ ಈ ಪೆಟ್ಟಿಗೆ ಇಟ್ಟರು. ಗಣಿಗೆ ಎಲ್ಲಕ್ಕಿಂತ ಹತ್ತಿರದ ಮನೆ ನಮ್ಮದು. ಪೆಟ್ಟಿಗೆ ಅಳೆದದ್ದು ತಾನಾಗಿಯೇ ನಿಮಗೆ ಮುಟ್ಟುತ್ತದೆ, ನೀವು ವಾರಕ್ಕೊಮ್ಮೆ ಪಂಚಾಯಿತಿ ಗೋಡೆಗೆ ಪಟ್ಟಿ ಹಚ್ಚಿಸುತ್ತೀರಿ. ನಾನು ದಿನಕ್ಕೊಂದು ಸಾಲು ದಿನಚರಿ ಬರೆಯುವವನು. ಮದ್ದು ಹಾರುವ ಹೊತ್ತಿಗೆ ಹಿತ್ತಾಳೆ ಚೊಂಬಿನಲ್ಲಿ ಬಾಯಿತನಕ ನೀರು ತುಂಬಿ ಹೊಸ್ತಿಲ ಮೇಲಿಡುತ್ತೇನೆ. ಚೆಲ್ಲಿ ಎಷ್ಟು ಬೆರಳು ಕಡಿಮೆಯಾಯಿತೋ ಅಷ್ಟು ಬರೆಯುತ್ತೇನೆ.

ಜೂನ್ 9ರಂದು ಎರಡು ಬೆರಳು ಚೆಲ್ಲಿತು. ನಿಮ್ಮ ಪಟ್ಟಿಯಲ್ಲಿ 0.3. ಜೂನ್ 4 ಭಾನುವಾರ, ಮದ್ದೇ ಇರಲಿಲ್ಲ, ಹನಿ ನೀರೂ ಅಲುಗಲಿಲ್ಲ. ನಿಮ್ಮ ಪಟ್ಟಿಯಲ್ಲಿ 0.1. ಎರಡಕ್ಕೂ ಇರುವ ಅಂತರ ಇಷ್ಟೇ ಎಂದರೆ ಪೆಟ್ಟಿಗೆಗೆ ಏನೋ ಆಗಿರಬೇಕು. ಯಾರನ್ನಾದರೂ ಕಳಿಸಿ ನೋಡಿಸಿ.

ಇನ್ನೊಂದು ವಿಷಯ. ಫೆಬ್ರವರಿ 3, ಶುಕ್ರವಾರ, ಮಧ್ಯಾಹ್ನ ಒಂದೂಕಾಲರ ಅಂಕಿಯನ್ನು ದಯಮಾಡಿ ಮತ್ತೊಮ್ಮೆ ನೋಡಿ ತಿಳಿಸಬೇಕು. ಆ ದಿನದ ಸಾಲು ನನ್ನ ಪುಸ್ತಕದಲ್ಲಿ ಖಾಲಿ ಇದೆ.

ಇಂತಿ,
ಮೂಕಪ್ಪ


ಹೊಸಪೇಟೆ
26 ಜೂನ್ 2023

ಶ್ರೀ ಮೂಕಪ್ಪ ಅವರಿಗೆ,

ನಿಮ್ಮ ದೂರು ತಲುಪಿದೆ. ಪೆಟ್ಟಿಗೆ ಸಂಖ್ಯೆ 17 ಸರಿಯಾಗಿ ಕೆಲಸ ಮಾಡುತ್ತಿದೆ. 03.02.2023ರ ಮಧ್ಯಾಹ್ನ 1.15ರ ಅಂಕಿ 0.3. ನಿಗದಿತ ಮಿತಿ 5 (ಸೆಕೆಂಡಿಗೆ ಮಿಲಿಮೀಟರ್ ಲೆಕ್ಕದಲ್ಲಿ). ಅಂಕಿಯಲ್ಲಿ ಯಾವ ದೋಷವೂ ಕಂಡುಬಂದಿಲ್ಲ. ಪರಿಹಾರಕ್ಕೆ ಸಂಬಂಧಿಸಿದ ಅರ್ಜಿಗಳನ್ನು ಈ ಕಚೇರಿ ಸ್ವೀಕರಿಸುವುದಿಲ್ಲ.

ಶೈಲಜಾ
ದತ್ತಾಂಶ ವಿಭಾಗ


ಕೆಂಪುಕುಂಟೆ
4 ಜುಲೈ 2023

ಶೈಲಜಾ ಅವರಿಗೆ,

ಪರಿಹಾರ ಕೇಳಿ ನಾನು ಬರೆದಿರಲಿಲ್ಲ. ನನ್ನ ಕಾಗದವನ್ನು ಇನ್ನೊಮ್ಮೆ ಓದಿದರೆ ತಿಳಿಯುತ್ತದೆ.

ನೀವು ಈ ಕಡೆ ಬಂದಿರಲಾರಿರಿ. ನಮ್ಮಲ್ಲಿ ಒಂದು ಗಂಟೆಗೆ ಮೊದಲ ಸೈರನ್ ಆಗುತ್ತದೆ. ಆಗ ಹೆಂಗಸರು ಮಾಡಿನ, ಅಂದರೆ ಗೋಡೆಯ ಹಲಗೆಯ, ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ನೆಲಕ್ಕಿಡುತ್ತಾರೆ. ನಾನು ಶಾಲೆಯ ಮಕ್ಕಳನ್ನು ಬಯಲಿಗೆ ಕಳಿಸಿ ಮನೆಗೆ ಬರುತ್ತೇನೆ. ಒಂದೂ ಹತ್ತಕ್ಕೆ ಎರಡನೆಯ ಸೈರನ್. ಆಗ ಎಲ್ಲರೂ ಮನೆ ಬಿಟ್ಟು ಹೊರಗೆ ನಿಲ್ಲಬೇಕು. ಒಂದೂಕಾಲಿಗೆ ಮದ್ದು. ಆಮೇಲೆ ಒಳಗೆ ಹೋಗಿ ಪಾತ್ರೆಗಳನ್ನು ತಿರುಗಿ ಮಾಡಿನ ಮೇಲೆ ಜೋಡಿಸುತ್ತಾರೆ. ಪಕ್ಕದ ಮನೆಯ ಗಾಳೆಮ್ಮ ದಿನಾ ಒಂದೇ ಮಾತು ಹೇಳುತ್ತಾಳೆ, "ಗಣ್ಯಾಗ ದುಡ್ಯೋರಿಗಿಂತ ನಮ್ ಪಾತ್ರಿಗೆ ಡ್ಯೂಟಿ ಜಾಸ್ತಿ ಅದ."

ಫೆಬ್ರವರಿ 3ರ ಮದ್ದಿಗೆ ನಮ್ಮ ನಡುಮನೆಯ ಗೋಡೆ ಬಿತ್ತು. ಒಬ್ಬರು ಒಳಗಿದ್ದರು. ನೋಡಲು ಬಂದ ಸಮಿತಿಯವರು, 0.3ಕ್ಕೆ ಸರಿಯಾಗಿ ಕಟ್ಟಿದ ಯಾವ ಗೋಡೆಯೂ ಬೀಳುವುದಿಲ್ಲ, ಇದು ಕಟ್ಟಿದವರ ದೋಷ ಎಂದು ವರದಿ ಬರೆದರು. ನಿಮ್ಮ 0.3 ನಿಜವಾದರೆ ಅವರ ಮಾತೂ ನಿಜ. ಅದಕ್ಕೇ ಕೇಳುತ್ತಿದ್ದೇನೆ. ನಿಜವೇ?

ಮೂಕಪ್ಪ


ಕಂಪ್ಲಿ
19 ಜುಲೈ 2023

ಮೂಕಪ್ಪನವರಿಗೆ,

ಈ ಕಾಗದವನ್ನು ಕಂಪ್ಲಿಯ ನಮ್ಮ ಮನೆಯಿಂದ ಬರೆಯುತ್ತಿದ್ದೇನೆ. ನೀವು ಇನ್ನು ಮುಂದೆ ಹಿಂದಿನ ಪುಟದಲ್ಲಿರುವ ವಿಳಾಸಕ್ಕೇ ಬರೆಯಿರಿ. ಕಚೇರಿಯ ಫೋನು, ಮೇಲ್ ಎಲ್ಲವನ್ನೂ ನಮ್ಮ ಮ್ಯಾನೇಜರ್ ಈಶ್ವರ್ ನೋಡುತ್ತಾರೆ. ಅಂಚೆಯ ಕಾಗದವನ್ನು ಇನ್ನೂ ಯಾರೂ ನೋಡುವುದಿಲ್ಲ.

ಮೊದಲ ಉತ್ತರವನ್ನು ಕಡತ ತೆರೆಯದೆ ಬರೆದಿದ್ದೆ. ಈಗ ತೆರೆದು ನೋಡಿದೆ. ಪೆಟ್ಟಿಗೆ ಕೆಟ್ಟಿಲ್ಲ. ತೊಂದರೆ ಇರುವುದು ಅದು ಕಳಿಸಿದ್ದನ್ನು ಬರೆದಿಡುವ ಜಾಗದಲ್ಲಿ.

ಒಂದೊಂದು ಪೆಟ್ಟಿಗೆ ಸೆಕೆಂಡಿಗೆ ಇನ್ನೂರು ಸಲ ಅಳೆಯುತ್ತದೆ. ಒಟ್ಟು ನಲವತ್ತೆರಡು ಪೆಟ್ಟಿಗೆಗಳಿವೆ. ಇವೆಲ್ಲ ಬಂದು ಬೀಳುವುದು ಕ್ಲೌಡ್ ಎಂದು ಕರೆಯುವ ಕಡೆ, ಅಂದರೆ ಎಲ್ಲೋ ದೂರದಲ್ಲಿರುವ ದೊಡ್ಡ ಕಂಪ್ಯೂಟರುಗಳಲ್ಲಿ ನಾವು ಬಾಡಿಗೆಗೆ ಹಿಡಿದ ಜಾಗಕ್ಕೆ. ಅಲ್ಲಿ ಓದುವುದು ಸಲೀಸು, ಬರೆಯುವುದು ಕಷ್ಟ. ಒಂದು ಪುಟದ ಮೇಲೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದೇ ಸಲ ಬರೆಯಬಹುದು. ಅದಕ್ಕಿಂತ ಹೆಚ್ಚಾದರೆ ಒಂದರ ಹಿಂದೆ ಒಂದು ಸರದಿ ನಿಲ್ಲುತ್ತವೆ, ಕಾದು ಕಾದು ಕೆಲವು ಬಿದ್ದುಹೋಗುತ್ತವೆ. ನಮ್ಮ ತಂದೆಯದು ಅಕ್ಕಿ ಮಿಲ್ಲು. ಸುಗ್ಗಿಯಲ್ಲಿ ಎಲ್ಲ ಟ್ರ್ಯಾಕ್ಟರುಗಳೂ ಒಂದೇ ಹೊತ್ತಿಗೆ ಬರುತ್ತವೆ, ತೂಕದ ಕಟ್ಟೆ ಒಂದೇ, ಬರೆಯುವ ಗುಮಾಸ್ತನೂ ಒಬ್ಬನೇ. ಹಾಗೆ ತಿಳಿದುಕೊಳ್ಳಿ.

ಅದನ್ನು ತಪ್ಪಿಸಲು, ಒಂದು ನಿಮಿಷದ ಹನ್ನೆರಡು ಸಾವಿರ ಅಂಕಿಗಳನ್ನು ಮೊದಲು ನೆನಪಿನಲ್ಲಿ ಹಿಡಿದು, ಕೂಡಿಸಿ, ಭಾಗಿಸಿ, ಸರಾಸರಿಯನ್ನು ಮಾತ್ರ ಬರೆಯುವ ವ್ಯವಸ್ಥೆ ಮಾಡಲಾಗಿದೆ. ಬಿಡಿ ಅಂಕಿಗಳನ್ನು ಇಟ್ಟುಕೊಳ್ಳುವುದಿಲ್ಲ. ಮದ್ದಿನ ಅದುರು ಎರಡು ಸೆಕೆಂಡಿನದು. ಉಳಿದ ಐವತ್ತೆಂಟು ಸೆಕೆಂಡು ನೆಲ ಸುಮ್ಮನಿರುತ್ತದೆ. 0.3 ಸುಳ್ಳಲ್ಲ. ಆದರೆ ಅದು ನೀವು ಕೇಳಿದ ಅಂಕಿಯೂ ಅಲ್ಲ.

ಒಳಗಿದ್ದವರಿಗೆ ಹೆಚ್ಚು ಪೆಟ್ಟಾಗಲಿಲ್ಲ ಎಂದು ನಂಬಿದ್ದೇನೆ.

ಶೈಲಜಾ


ಕೆಂಪುಕುಂಟೆ
30 ಜುಲೈ 2023

ಶೈಲಜಾ ಅವರಿಗೆ,

ನಿಮ್ಮ ಕಾಗದವನ್ನು ಶಾಲೆಯ ಮೆಟ್ಟಿಲ ಮೇಲೆ ಕುಳಿತು ಮೂರು ಸಲ ಓದಿದೆ. ಅರ್ಥವಾಯಿತು. ನಮ್ಮ ಹೆಡ್‌ಮಾಸ್ಟರು ಮೇಲಿನ ಕಚೇರಿಗೆ ದಿನಾ ಹಾಜರಾತಿಯ ಮೊತ್ತ ಮಾತ್ರ ಕಳಿಸುತ್ತಾರೆ, ನಲವತ್ತಕ್ಕೆ ಮೂವತ್ತೊಂಬತ್ತು ಎಂದು. ಬಾರದ ಆ ಒಂದು ಮಗು ಯಾವುದು ಎಂದು ಮೊತ್ತ ನೋಡಿದವರಿಗೆ ಎಂದೂ ತಿಳಿಯುವುದಿಲ್ಲ. ಆದರೆ ನಮ್ಮ ಶಾಲೆಯಲ್ಲಿ ಹೆಸರಿನ ಪುಸ್ತಕ ಉಳಿದಿರುತ್ತದೆ. ನೀವು ಅದನ್ನೂ ಇಟ್ಟುಕೊಳ್ಳಲಿಲ್ಲ.

ನನಗೂ ನೀರಿನ ಎಲ್ಲ ಅಲೆಗಳನ್ನು ಬರೆಯಲು ಆಗುವುದಿಲ್ಲ. ನಾನು ಎಲ್ಲಕ್ಕಿಂತ ದೊಡ್ಡದನ್ನು ಬರೆಯುತ್ತೇನೆ. ಅಷ್ಟು ಸಾಕು. ಗೋಡೆ ಬೀಳುವುದು ಸರಾಸರಿಗೆ ಅಲ್ಲವಲ್ಲ.

ವ್ಯವಸ್ಥೆ ಮಾಡಲಾಗಿದೆ ಎಂದು ಬರೆದಿದ್ದೀರಿ. ಮಾಡಿದವರು ಯಾರು ಎಂದು ಬರೆದಿಲ್ಲ. ಅವರು ಬೇಕೆಂತಲೇ ಮಾಡಿದರೋ ಏನೋ, ಗಣಿಯವರ ಮಾತು ಕೇಳಿಯೋ, ನನಗೆ ಗೊತ್ತಿಲ್ಲ. ಅವರ ಹೆಸರು ತಿಳಿಸಿ. ಬೈಯುವುದಕ್ಕಲ್ಲ. ನನಗೆ ಬೈಯಲು ಬರುವುದಿಲ್ಲ.

ಒಳಗಿದ್ದವಳು ನನ್ನ ಹೆಂಡತಿ ದ್ಯಾಮಕ್ಕ. ಅಲ್ಲೇ ತೀರಿಕೊಂಡಳು. ಗೋಡೆ ಕಟ್ಟಿದವನು ನಾನು. ಜವಾನನಾಗುವ ಮೊದಲು ಗೌಂಡಿ ಕೆಲಸ ಮಾಡುತ್ತಿದ್ದೆ. ಮದುವೆಯಾದ ವರ್ಷ ಕಟ್ಟಿದ್ದು. ಅವಳು ಕಲ್ಲು ಎತ್ತಿ ಕೊಡುತ್ತಿದ್ದಳು, ನಾನು ಕೂರಿಸುತ್ತಿದ್ದೆ. ಸಮಿತಿಯವರು ವರದಿ ಓದಿ ಹೇಳುವಾಗ ಕಟ್ಟಿದವರು ಯಾರು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಊರಿನವರಿಗೆ ಗೊತ್ತು. ಅವರೂ ನನ್ನ ಎದುರಿಗೆ ಆ ಮಾತು ತೆಗೆಯುವುದಿಲ್ಲ. ಈ ಆರು ತಿಂಗಳು ನಾನು ಬಿದ್ದ ಕಲ್ಲುಗಳನ್ನು ಒಂದೊಂದಾಗಿ ತಿರುವಿ ನೋಡಿದ್ದೇನೆ. ಯಾವ ಕಲ್ಲಿನಲ್ಲಿ ನನ್ನ ತಪ್ಪಿದೆ ಎಂದು ಹುಡುಕಿದ್ದೇನೆ. ಕಲ್ಲು ನೋಡಿದರೆ ತಿಳಿಯುವುದಿಲ್ಲ.

ನನಗೆ ಬೇಕಾದದ್ದು ಆ ಒಂದು ಅಂಕಿ. ಅದು ದೊಡ್ಡದಿದ್ದರೆ ಮದ್ದು. ಚಿಕ್ಕದಿದ್ದರೆ ನನ್ನ ಕೈ. ಯಾವುದಾದರೂ ಸರಿ, ಒಂದು ಬೇಕು.

ಮೂಕಪ್ಪ


ಕಂಪ್ಲಿ
12 ಆಗಸ್ಟ್ 2023

ಮೂಕಪ್ಪನವರಿಗೆ,

ಸರಾಸರಿಯ ವ್ಯವಸ್ಥೆ ಮಾಡಿದವಳು ನಾನು.

ನಿಮ್ಮ ಮೂರನೆಯ ಕಾಗದ ಬರುವ ಮೊದಲೇ ನನಗೆ ದ್ಯಾಮಕ್ಕನವರ ವಿಷಯ ಗೊತ್ತಿತ್ತು. ಕಡತದಲ್ಲಿ ಇತ್ತು. ಸಮಿತಿಗೆ 0.3 ಎಂದು ಟೈಪ್ ಮಾಡಿ ಕಳಿಸಿದ್ದೂ ನಾನೇ. 'ಪೆಟ್ಟಾಗಲಿಲ್ಲ ಎಂದು ನಂಬಿದ್ದೇನೆ' ಎಂದು ಬರೆದದ್ದು ಸುಳ್ಳು. ನೀವು ನನ್ನನ್ನೇ ಕೇಳಲಿ ಎಂದು ಕಾಯುತ್ತಿದ್ದೆ, ಕೇಳಬಾರದೆಂದೂ ಅಂದುಕೊಳ್ಳುತ್ತಿದ್ದೆ.

ಬೇಕೆಂತ ಮಾಡಿದ್ದಲ್ಲ. ಶುರುವಿನಲ್ಲಿ ನೆಲ ಅದುರಿದಾಗ ಮಾತ್ರ ಎಲ್ಲ ಪೆಟ್ಟಿಗೆಗಳೂ ಬಂದು 'ಇಂದಿನ ಜಿಲ್ಲೆಯ ಲೆಕ್ಕ' ಎಂಬ ಒಂದೇ ಪುಟದ ಮೇಲೆ ಬರೆಯುತ್ತಿದ್ದವು. ಬೆಳಿಗ್ಗೆಯೆಲ್ಲ ಸರಿಯಿರುತ್ತಿತ್ತು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಮಾತ್ರ ಪೂರ್ತಿ ಕಟ್ಟಿಕೊಂಡು ನಿಂತುಬಿಡುತ್ತಿತ್ತು. ಎರಡು ವಾರ ಕಾರಣ ಹುಡುಕಿದೆ. ಆ ಹೊತ್ತು ಗಣಿಗಳಲ್ಲಿ ಊಟದ ವೇಳೆ, ಎಲ್ಲ ಕಡೆಯೂ ಒಟ್ಟಿಗೇ ಮದ್ದು ಹಾರಿಸುತ್ತಾರೆ, ಪೆಟ್ಟಿಗೆಗಳೆಲ್ಲ ಒಮ್ಮೆಗೇ ಎಚ್ಚರವಾಗುತ್ತವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಲಿಲ್ಲ. ಬರೆಯುವ ಭಾರ ಇಳಿದರೆ ಸಾಕು ಎಂದು ಸರಾಸರಿ ಹಾಕಿದೆ. ಮರುದಿನದಿಂದ ಒಂದು ಸಲವೂ ನಿಲ್ಲಲಿಲ್ಲ. ಈಶ್ವರ್ ಇಡೀ ಕಚೇರಿಗೆ ಮೈಸೂರುಪಾಕು ತರಿಸಿದರು. ನಾನೂ ತಿಂದೆ.

ಸರಿಯಾದ ದಾರಿ ಇತ್ತು. ಪ್ರತಿ ಪೆಟ್ಟಿಗೆಗೂ ಬೇರೆ ಪುಟ ಕೊಡುವುದು, ಹತ್ತು ಗುಮಾಸ್ತರಿಗೆ ಹತ್ತು ಪುಸ್ತಕ ಕೊಟ್ಟ ಹಾಗೆ. ಮೊತ್ತ ಬೇಕಾದಾಗ ಎಲ್ಲ ಪುಟಗಳನ್ನೂ ಓದಿ ಕೂಡಿಸಿಕೊಳ್ಳುವುದು. ನಿಮಿಷಕ್ಕೆ ಒಂದೇ ಸಾಲು ಬರೆದರೂ ಅದರಲ್ಲಿ ಸರಾಸರಿಯ ಪಕ್ಕದಲ್ಲಿ ಆ ನಿಮಿಷದ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನೂ ಬರೆಯುವುದು. ನೀವು ಮಾಡುವುದೂ ಅದನ್ನೇ. ಮೊನ್ನೆ ಕುಳಿತು ಕಂಪ್ಯೂಟರಿಗೆ ಹಾಗೆ ಹೇಳುವ ಪ್ರೋಗ್ರಾಂ ಬರೆದೆ. ಹನ್ನೊಂದು ಸಾಲು ಆಯಿತು, ಅಷ್ಟೇ. ಒಂದು ವರ್ಷದ ಹಿಂದೆಯೂ ಹನ್ನೊಂದೇ ಸಾಲು ಆಗುತ್ತಿತ್ತು.

ಈಶ್ವರ್‌ಗೆ ಹೇಳದೆ ಸೇರಿಸಿದ್ದೇನೆ. ಹೇಳಿದರೆ ಬಿಡುವುದಿಲ್ಲ. ಮೂರು ವರ್ಷ ಕೆಲಸ ಬಿಡುವುದಿಲ್ಲ ಎಂದು ಸಹಿ ಹಾಕಿಸಿಕೊಂಡು ನನ್ನ ಅಂಕಪಟ್ಟಿಗಳನ್ನೆಲ್ಲ ಇಟ್ಟುಕೊಂಡಿದ್ದಾರೆ. ಹೋದ ತಿಂಗಳು ಗಂಗಾವತಿಯ ಕಾಲೇಜಿನಲ್ಲಿ ಪಾಠದ ಕೆಲಸ ಇತ್ತು, ಸಂದರ್ಶನಕ್ಕೆಂದು ಕೇಳಿದರೆ ನಗುತ್ತಾ ಹೇಳಿದರು, "ನಿನ್ ಮಾರ್ಕ್ಸ್ ಕಾರ್ಡ್ ಎಲ್ಲೂ ಹೋಗಂಗಿಲ್ಲಮ್ಮಾ, ಬೀರೂನಾಗ ಭಾಳ ಆರಾಮ್ ಅದಾವ. ನೀನೂ ಹಂಗ ಆರಾಮ್ ಇರು."

ಫೆಬ್ರವರಿ 3ರ ಅಂಕಿಯನ್ನು ನಾನು ತಿರುಗಿ ತರಲಾರೆ. ಅದು ಎಲ್ಲಿಯೂ ಉಳಿದಿಲ್ಲ. ಆದರೆ ಅದೇ ಗುಡ್ಡ, ಅದೇ ಮದ್ದು. ಇನ್ನು ಬರುವ ಅಂಕಿಗಳನ್ನು ನೋಡಿದರೆ ಆ ದಿನದ್ದು ಎಷ್ಟಿರಬಹುದೆಂದು ಹೇಳಬಹುದು. ಐದನ್ನು ದಾಟಿಯೇ ದಾಟುತ್ತದೆ, ನೋಡಿ. ಗೋಡೆಯ ತಪ್ಪಿಲ್ಲ.

ಶೈಲಜಾ


ಕೆಂಪುಕುಂಟೆ
2 ಸೆಪ್ಟೆಂಬರ್ 2023

ಶೈಲಜಾ ಅವರಿಗೆ,

ಹೊಸ ಪಟ್ಟಿ ನೋಡಿದೆ. ದೊಡ್ಡ ಅಂಕಿಯ ಕಾಲಂ ಸೇರಿಸಿದ್ದೀರಿ. ಆಗಸ್ಟ್ 22, 2.8. ಆಗಸ್ಟ್ 25, 3.1. ಆಗಸ್ಟ್ 29, 2.6. ಆ ಮೂರೂ ದಿನ ಚೊಂಬಿನಲ್ಲಿ ಎರಡು ಬೆರಳು ಚೆಲ್ಲಿದೆ.

ಮಿತಿ ಐದು.

ಈ ಕಾಗದಕ್ಕೆ ಉತ್ತರ ಬೇಡ.

ಮೂಕಪ್ಪ


ಕಂಪ್ಲಿ
15 ಸೆಪ್ಟೆಂಬರ್ 2023

ಮೂಕಪ್ಪನವರಿಗೆ,

ಬೇಡ ಎಂದಿದ್ದರೂ ಬರೆಯುತ್ತಿದ್ದೇನೆ. ದಾಟುತ್ತದೆ ಎಂದು ಅಷ್ಟು ಗಟ್ಟಿಯಾಗಿ ಹೇಳಬಾರದಿತ್ತು. ನಿಮ್ಮನ್ನು ಸಮಾಧಾನ ಮಾಡುವುದಕ್ಕಿಂತ ನನ್ನನ್ನು ಮಾಡಿಕೊಳ್ಳುವ ಆತುರ ಅದರಲ್ಲಿತ್ತು.

ಆದರೂ ನನಗೆ ಒಪ್ಪಿಗೆಯಾಗುತ್ತಿಲ್ಲ. ನಿಮ್ಮ ಊರಿನಿಂದ ಇನ್ನೂ ಎರಡು ಮೈಲಿ ಆಚೆ ಇರುವ ಪೆಟ್ಟಿಗೆ 18ರಲ್ಲಿ ಆಗಸ್ಟ್ 25ರ ಅದೇ ಮದ್ದಿಗೆ 3.4 ಬಂದಿದೆ. ದೂರದ್ದಕ್ಕೆ ಹೆಚ್ಚು, ಹತ್ತಿರದ್ದಕ್ಕೆ ಕಡಿಮೆ ಹೇಗೆ? ಪೆಟ್ಟಿಗೆ ಈಗ ಎಲ್ಲಿದೆ, ಯಾವುದರ ಮೇಲಿದೆ, ನೆಲಕ್ಕೆ ಕಚ್ಚಿಕೊಂಡಿದೆಯೇ ಎಂದು ನೋಡಿ ತಿಳಿಸಿ. ಅಂಜಿನೇಯನನ್ನು ಕೇಳಿದೆ. "ಮೇಡಂ, ನಾ ಮೂರ್ ತಿಂಗ್ಳಿಗೊಮ್ಮೆ ಹೋಗ್ತೀನ್ರಿ, ಚಾ ಕುಡೀತೀನಿ, ಪೆಟಗಿ ಒರಸ್ತೀನಿ, ಸಹಿ ಮಾಡ್ತೀನಿ. ಅಲುಗ್ಸಬ್ಯಾಡ ಅಂತ ನೀವ ಹೇಳೀರಲ್ರಿ" ಎಂದ.

ಶೈಲಜಾ


ಕಂಪ್ಲಿ
4 ಅಕ್ಟೋಬರ್ 2023

ಮೂಕಪ್ಪನವರಿಗೆ,

ನಿಮ್ಮಿಂದ ಕಾಗದವಿಲ್ಲ. ಒಂದು ವಿಷಯ ತಿಳಿಸಲೇಬೇಕು. ಗಣಿಯವರು ನಿಮ್ಮ ಊರಿನ ಕಡೆಗೆ ಹೊಸ ಗುಂಡಿ ತೆರೆಯಲು ಕೇಳಿದ್ದಾರೆ. ನವೆಂಬರ್ 2ರಂದು ಸಂಡೂರಿನಲ್ಲಿ ವಿಚಾರಣೆ ಇದೆ. ಅದರ ಜೊತೆ ಫೆಬ್ರವರಿಯ ವರದಿಯನ್ನೂ ಖಾಯಂ ಮಾಡುತ್ತಾರೆ. ಒಮ್ಮೆ ಖಾಯಂ ಆದರೆ ಅದನ್ನು ಯಾರೂ ತೆರೆಯುವುದಿಲ್ಲ.

ಈಶ್ವರ್‌ಗೆ ಹನ್ನೊಂದು ಸಾಲು ಕಣ್ಣಿಗೆ ಬಿದ್ದಿದೆ. ನಿಮ್ಮ ಅಂಕಿ ಐದರ ಒಳಗೇ ಇದೆಯೆಂದು ನೋಡಿ, ಇರಲಿ ಬಿಡು, ಇದೂ ನಮಗೇ ಅನುಕೂಲ ಎಂದು ಸುಮ್ಮನಾಗಿದ್ದಾರೆ. ನಾನು ಸೇರಿಸಿದ್ದನ್ನೇ ಅವರು ನಿಮ್ಮ ವಿರುದ್ಧ ಓದುತ್ತಾರೆ.

ಪೆಟ್ಟಿಗೆ ಯಾವುದರ ಮೇಲಿದೆ? ಅಷ್ಟಾದರೂ ಹೇಳಿ.

ಶೈಲಜಾ


ಕೆಂಪುಕುಂಟೆ
9 ಅಕ್ಟೋಬರ್ 2023

ಶೈಲಜಾ,

ನೀವು ನಿಮ್ಮದನ್ನು ಹೇಳಿದಿರಿ. ನಾನು ನನ್ನದನ್ನು ಹೇಳದೆ ಇಷ್ಟು ದಿನ ಕುಳಿತೆ.

ಪೆಟ್ಟಿಗೆ ಕೌದಿಯ ಮೇಲಿದೆ.

ಅಂಜಿನೇಯ ಅದನ್ನು ನೆಲಕ್ಕೆ ಗಾರೆ ಹಾಕಿ ಕೂರಿಸಿ ಹೋಗಿದ್ದ. ಒಂದು ತಿಂಗಳಿಗೇ ಗಾರೆ ಬಿಟ್ಟಿತು. ಸೋಮವಾರ ಸಾರಿಸುವಾಗ ದ್ಯಾಮಕ್ಕ ಅದನ್ನು ಎತ್ತಿ, ತಾನೇ ಹೊಲಿದ ಹಳೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲಿಟ್ಟಳು. ನಾನು ನೋಡುತ್ತಾ ನಿಂತಿದ್ದೆ. "ತುಟ್ಟಿ ಸಾಮಾನು. ಮದ್ದಿನ ಹೊಡತಕ್ಕ ಒಳಗಿಂದೇನರ ಒಡದ್ರ ನಮ್ ತಲಿಮ್ಯಾಲ ಬರ್ತೈತಿ, ಇರ್ಲಿ" ಎಂದಳು. ನಾನೂ ಹೌದೆಂದೆ. ಗೌಂಡಿ ಕೆಲಸ ಮಾಡಿದವನಿಗೆ, ಮೆತ್ತಗಿನದರ ಮೇಲಿಟ್ಟರೆ ಅದುರು ಹತ್ತುವುದಿಲ್ಲ ಎಂದು ತಿಳಿಯಬೇಕಿತ್ತು. ಅಳೆಯುವ ವಸ್ತು ಎಂದು ನಮ್ಮ ತಲೆಗೆ ಬರಲಿಲ್ಲ. ಜೋಪಾನ ಮಾಡುವ ವಸ್ತು ಎಂದೇ ಬಂತು.

ಫೆಬ್ರವರಿ 3ರಂದು ಎರಡನೆಯ ಸೈರನ್ನಿಗೆ ಅವಳು ಹೊರಗೆ ಬಂದು ಗಾಳೆಮ್ಮನ ಪಕ್ಕದಲ್ಲಿ ನಿಂತಿದ್ದಳು. ಬೆಳಿಗ್ಗೆ ಕೌದಿಯನ್ನು ಒಗೆದು ಹಾಕಿದ್ದಳು, ಪೆಟ್ಟಿಗೆ ಬರಿ ನೆಲದ ಮೇಲಿದೆ ಎಂದು ಆಗ ನೆನಪಾಯಿತು. "ಒಂದ್ ನಿಮಿಷ, ಹಾಸಿ ಬಂದುಬಿಡ್ತೀನಿ" ಎಂದು ಒಳಗೆ ಹೋದಳು. ಸಾಕು ಬಾ ಎನ್ನಲು ನಾನು ಬಾಯಿ ತೆಗೆದೆ. ಸದ್ದಾಯಿತು. ಕಲ್ಲು ತೆಗೆದಾಗ ಪೆಟ್ಟಿಗೆಗೆ ಏನೂ ಆಗಿರಲಿಲ್ಲ. ಅದು ಕೌದಿಯ ಮೇಲಿತ್ತು. ಹಾಸಿ ಮುಗಿಸಿದ್ದಳು.

ಅವಳು ಇಟ್ಟ ಹಾಗೆಯೇ ಇದೆ. ನಾನು ಕೈ ಹಚ್ಚಿಲ್ಲ. ತೆಗೆದರೆ ಅವಳು ಕೊನೆಗೆ ಮಾಡಿದ ಕೆಲಸ ತೆಗೆದ ಹಾಗೆ. ತೆಗೆಯದಿದ್ದರೆ ಅಂಕಿ ಬರುವುದಿಲ್ಲ. ನಿಮ್ಮ ಸೆಪ್ಟೆಂಬರಿನ ಕಾಗದ ಬಂದ ದಿನವೇ ನನಗೆ ಎಲ್ಲ ತಿಳಿಯಿತು. ಆ ದಿನದಿಂದ ದಿನಾ ಪೆಟ್ಟಿಗೆಯ ಎದುರು ಕುಳಿತು ಎದ್ದುಬರುತ್ತಿದ್ದೇನೆ. ಕಂಪ್ಲಿಯಲ್ಲಿ ನನ್ನ ತಂಗಿ ಪಂಪಾವತಿ ಇದ್ದಾಳೆ, ಬಾ ಎಂದು ಕರೆಯುತ್ತಲೇ ಇದ್ದಾಳೆ. ಈ ಮನೆ ಬಿಟ್ಟು ಹೋಗಲೂ ಆಗುತ್ತಿಲ್ಲ, ಒಳಗೆ ಇರಲೂ ಆಗುತ್ತಿಲ್ಲ.

ಮೂಕಪ್ಪ


ಕೆಂಪುಕುಂಟೆ
14 ಅಕ್ಟೋಬರ್ 2023

ಶೈಲಜಾ,

ನಿನ್ನೆ ಬೆಳಿಗ್ಗೆ ಗಾಳೆಮ್ಮನನ್ನು ಕರೆದೆ. ನಾನು ಪೆಟ್ಟಿಗೆ ಎತ್ತಿದೆ, ಅವಳು ಕೌದಿ ತೆಗೆದಳು. ನಡುಮನೆಯಲ್ಲಿ ನೆಲದಿಂದ ಎದ್ದ ಬಂಡೆಯೊಂದಿದೆ, ಒರಳು ಕೊರೆಸಬೇಕೆಂದು ಬಿಟ್ಟಿದ್ದದ್ದು. ಅದರ ಮೇಲೆ ಸಿಮೆಂಟು ಹಾಕಿ ಕೂರಿಸಿದ್ದೇನೆ. ಇದು ಬಿಡುವುದಿಲ್ಲ. ಮಧ್ಯಾಹ್ನ ಚೊಂಬಿನಲ್ಲಿ ಎರಡು ಬೆರಳು.

ಎಷ್ಟು ಬಂತು?

ಮೂಕಪ್ಪ


ಹೊಸಪೇಟೆ–ಕಂಪ್ಲಿ ಬಸ್ಸಿನಲ್ಲಿ
20 ಅಕ್ಟೋಬರ್ 2023

ಮೂಕಪ್ಪನವರಿಗೆ,

ಅಕ್ಷರ ಅಲುಗಿದೆ, ಕ್ಷಮಿಸಿ. ಕಮಲಾಪುರ ದಾಟಿದೆ. ಹಂಪಿ ನೋಡಲು ಬಂದವರೆಲ್ಲ ಇಳಿದು ಸೀಟು ಸಿಕ್ಕಿತು.

ಅಕ್ಟೋಬರ್ 13, ಮಧ್ಯಾಹ್ನ 1.15. ಸರಾಸರಿ 0.4. ದೊಡ್ಡದು 8.6.

ಕೌದಿಯ ವಿಷಯದ ನಿಮ್ಮ ಕಾಗದ ಓದಿದಾಗ ನನಗೆ ಮೊದಲು ಹೊಳೆದದ್ದು ಇದು: ಫೆಬ್ರವರಿ 3ರಂದು ಅವರು ಕೌದಿ ಹಾಸಿ ಮುಗಿಸಿದ ಮೇಲೆ ಮದ್ದು ಹಾರಿತು. ಆ ದಿನದ ಬಿಡಿ ಅಂಕಿಗಳನ್ನು ನಾನು ಇಟ್ಟುಕೊಂಡಿದ್ದರೂ ಅದು ಕೌದಿಯ ಮೇಲಿನ ಅಂಕಿಯೇ ಆಗಿರುತ್ತಿತ್ತು. ನೀವು ಕೇಳುತ್ತಿದ್ದ ಅಂಕಿ ಎಲ್ಲಿಯೂ ಹುಟ್ಟಲೇ ಇಲ್ಲ. ಇದನ್ನು ಹೇಗೆ ಬರೆಯುವುದೆಂದು ಆರು ದಿನ ತಳ್ಳಿದೆ. 8.6 ನೋಡಿದ ಮೇಲೂ ಆ ದಿನ ಇಷ್ಟೇ ಇತ್ತು ಎಂದು ನಾನು ಹೇಳುವುದಿಲ್ಲ. ಒಮ್ಮೆ ಹಾಗೆ ಹೇಳಿ ನಿಮ್ಮನ್ನು ಕೆಡವಿದ್ದೇನೆ.

ವಿಚಾರಣೆಗೆ ನನ್ನನ್ನು ಕಳಿಸುತ್ತಿಲ್ಲ, ಈಶ್ವರ್ ಹೋಗುತ್ತಾರೆ. ನಾನು ರಿಜಿಸ್ಟರ್ ಅಂಚೆಯಲ್ಲಿ ಒಂದು ಹೇಳಿಕೆ ಕಳಿಸಿದ್ದೇನೆ. 2022ರ ಆಗಸ್ಟಿನಿಂದ ಈ ವರ್ಷದ ಆಗಸ್ಟಿನವರೆಗೆ ಪೆಟ್ಟಿಗೆ 17ರಿಂದ ಬಂದ ಎಲ್ಲ ಅಂಕಿಗಳೂ ನಾನು ಮಾಡಿದ ಸರಾಸರಿಗಳು, ಅವುಗಳಿಂದ ಯಾವ ಗೋಡೆಯ ಬಗ್ಗೆಯೂ ಏನನ್ನೂ ತೀರ್ಮಾನಿಸಲು ಬರುವುದಿಲ್ಲ ಎಂದು. ಕೌದಿಯ ವಿಷಯ ಅದರಲ್ಲಿ ಬರೆದಿಲ್ಲ. ಅದು ನಿಮ್ಮದು. ನೀವು ಹೇಳಿದರೆ ಅವರು ಅದನ್ನೇ ಹಿಡಿದುಕೊಂಡು, ಊರಿನವರೇ ಪೆಟ್ಟಿಗೆ ಕೆಡಿಸಿದರು ಎನ್ನಬಹುದು. ಹೇಳದಿದ್ದರೆ ಆಗಸ್ಟಿನ 3.1 ಅನ್ನು ಓದುತ್ತಾರೆ. ಯಾವುದು ಸರಿ ಎಂದು ನನಗೆ ತಿಳಿಯುತ್ತಿಲ್ಲ.

ಹೇಳಿಕೆಯ ಒಂದು ಪ್ರತಿಯನ್ನು ಈಶ್ವರ್ ಮೇಜಿನ ಮೇಲಿಟ್ಟೆ. ಅವರು ಓದಿ ಬೀರುವಿನ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡರು. ಬೈಯಲಿಲ್ಲ. ಬಂದ ದಿನದಿಂದ ಮೂರು ವರ್ಷ ಎಂದರೆ ಇನ್ನು ಹದಿನಾಲ್ಕು ತಿಂಗಳು.

ಶೈಲಜಾ


ಕೆಂಪುಕುಂಟೆ
3 ನವೆಂಬರ್ 2023

ಶೈಲಜಾ,

ನಿನ್ನೆ ಸಂಡೂರಿಗೆ ಹೋಗಿ ಬಂದೆ. ನೀವು ಅಲ್ಲಿ ಇರಲಿಲ್ಲವಾದ್ದರಿಂದ ನಡೆದದ್ದನ್ನು ಬರೆಯುತ್ತೇನೆ.

ವಿಚಾರಣೆ ಮಾಡುವವರು ನಿಮ್ಮ ಹೇಳಿಕೆಯನ್ನು ಮೊದಲು ಓದಿದರು. ಆಮೇಲೆ ಈಶ್ವರ್ ಅವರು ಎದ್ದು, ಸರಾಸರಿ ಬಿಡಿ, ದೊಡ್ಡ ಅಂಕಿಯೂ ಆಗಸ್ಟಿನಲ್ಲಿ ಐದರ ಒಳಗೇ ಇದೆ, ಅಕ್ಟೋಬರ್ 13ರಿಂದ ಮಾತ್ರ ಹೇಗೆ ಎದ್ದು ನಿಂತಿತು, ಯಾರಾದರೂ ಪೆಟ್ಟಿಗೆ ಮುಟ್ಟಿರಬೇಕು ಎಂದರು. ಸಭೆಯಲ್ಲಿ ನಮ್ಮ ಊರಿನ ಇಪ್ಪತ್ತು ಜನ ಇದ್ದರು. ನಾನು ಬಾಯಿ ಬಿಡುವವನಲ್ಲ ಎಂದು ಅವರಿಗೆ ಗೊತ್ತು. ನಾನೇ ಎದ್ದು ನಿಂತಿದ್ದನ್ನು ಕಂಡು ಗಾಳೆಮ್ಮ ನನ್ನ ಅಂಗಿ ಹಿಡಿದು ಎಳೆದಳು.

ನಾನು ಮುಟ್ಟಿದೆ ಎಂದೆ. ಕೌದಿಯನ್ನು ಹಾಸಿದವರು ಯಾರು, ಯಾಕೆ ಹಾಸಿದರು, ತೆಗೆದವರು ಯಾರು, ಎಲ್ಲ ಹೇಳಿದೆ. ಆ ದಿನ ಅವಳು ಯಾಕೆ ಒಳಗೆ ಹೋದಳು ಎಂಬುದನ್ನೂ ಹೇಳಿದೆ. ಈಶ್ವರ್ ಅವರು ಬರೆದುಕೊಳ್ಳುತ್ತಿದ್ದವರು ನಿಲ್ಲಿಸಿದರು. ಆಮೇಲೆ ವಿಚಾರಣೆಯವರು ವರದಿಯ ಹಾಳೆ ತಿರುವಿ, "ಗೋಡೆ ಕಟ್ಟಿದವರು ಯಾರು ಎಂದು ಇದರಲ್ಲಿ ಇಲ್ಲವಲ್ಲ?" ಎಂದು ಕೇಳಿದರು.

"ನಾ ಕಟ್ಟೀನ್ರಿ" ಎಂದೆ.

ಆ ಎರಡು ಪದದ ಮಾತು ಬಾಯಿಂದ ಬರಲು ಒಂಬತ್ತು ತಿಂಗಳಾಗಿತ್ತು. ಅವರು ಚೆನ್ನಾಗಿ ಕಟ್ಟಿದ್ದಿರಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಉಳಿದ ಮೂರು ಗೋಡೆಗಳನ್ನು ಯಾರು ಕಟ್ಟಿದರು ಎಂದರು. ಅವನ್ನೂ ನಾನೇ. ಅವು ನಿಂತಿವೆ.

ಕೊನೆಗೆ ಹೀಗೆ ಆಯಿತು. ಹೊಸ ಗುಂಡಿಯ ಮಾತನ್ನು ಆರು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಅಷ್ಟು ದಿನ ಬಂಡೆಯ ಮೇಲಿನ ಪೆಟ್ಟಿಗೆಯ ದೊಡ್ಡ ಅಂಕಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹಳೆಯ ಗುಂಡಿಯಲ್ಲಿ ಮದ್ದು ನಿಲ್ಲುವುದಿಲ್ಲ. ಪೆಟ್ಟಿಗೆ ಇರುವ ಮನೆಯಲ್ಲಿ ಒಬ್ಬರು ಇರಲೇಬೇಕಂತೆ, ಅದಕ್ಕೂ ಸಹಿ ಹಾಕಿಸಿಕೊಂಡರು. ತಂಗಿಯ ಮನೆಗೆ ಹೋಗುವುದು ಇನ್ನು ಆರು ತಿಂಗಳು ಆಗುವುದಿಲ್ಲ. ನಿಮಗೆ ಹದಿನಾಲ್ಕು, ನನಗೆ ಆರು.

ಫೆಬ್ರವರಿ 3ರ ವರದಿಯಲ್ಲಿ 'ಕಟ್ಟಿದವರ ದೋಷ' ಎಂಬುದನ್ನು ಹೊಡೆದುಹಾಕಿದರು. ಮದ್ದು ಎಂದು ಬರೆಯಿರಿ ಎಂದು ನಮ್ಮವರು ಕೂಗಿದರು. ಅವರು ಒಪ್ಪಲಿಲ್ಲ. ಆ ದಿನದ ಅಂಕಿ ಇಲ್ಲವಾದ್ದರಿಂದ ಕಾರಣ ತಿಳಿದಿಲ್ಲ ಎಂದು ಬರೆದು, ಒಪ್ಪಿಗೆಯಾದರೆ ಸಹಿ ಮಾಡಿ ಎಂದು ನನ್ನ ಮುಂದಿಟ್ಟರು. ನಾನು ತುಂಬ ಹೊತ್ತು ಪೆನ್ನು ಹಿಡಿದು ನಿಂತಿದ್ದೆ. ಒಂದು ಅಂಕಿ ಬೇಕು ಎಂದು ಹೊರಟವನು. ದೊಡ್ಡದಾದರೂ ಸರಿ, ಚಿಕ್ಕದಾದರೂ ಸರಿ ಎಂದು ನಿಮಗೆ ಬರೆದಿದ್ದೆ. ಅದು ನಿಜವಲ್ಲ. ಚಿಕ್ಕದೇ ಬರುತ್ತದೆ ಎಂದು ನಾನು ಮೊದಲ ದಿನವೇ ತೀರ್ಮಾನ ಮಾಡಿಕೊಂಡಿದ್ದೆ. ಸಮಿತಿಗಿಂತ ಮೊದಲು ನಾನೇ ಆ ವರದಿ ಬರೆದುಕೊಂಡಿದ್ದೆ. ಸಹಿ ಮಾಡಿದೆ.

ಬಸ್ಸಿನಲ್ಲಿ ಗಾಳೆಮ್ಮ ಪಕ್ಕದಲ್ಲಿ ಕುಳಿತಳು. ಅವಳಿಗೆ ಓದು ಬರುವುದಿಲ್ಲ.

"ಕಡೀಗೆ ಏನಂತ ಬರದ್ರು?" ಎಂದಳು.

"ಗೊತ್ತಿಲ್ಲ ಅಂತ ಬರದ್ರು."

"ಅಯ್ಯ, ಅಷ್ಟ್ ಬರಿಯಾಕ ಇಡೀ ದಿನಾ ಹಿಡೀತಾ ಅವರಿಗೆ?"

"ನನಗ ಒಂಬತ್ ತಿಂಗ್ಳು ಹಿಡೀತು" ಎಂದೆ.

ಮೂಕಪ್ಪ